ಫೆಲ್ಸಿಯ ನೀಲಿ ಕಾರ್ಡು

ಅರವತ್ತು ತುಂಬಿದ ವಾರವೇ ಫೆಲ್ಸಿ ಹಿರಿಯರ ನೀಲಿ ಕಾರ್ಡು ಮಾಡಿಸಿಕೊಂಡಳು. ಫೋಟೋ ಇದ್ದ ಆ ಕಾರ್ಡಿಗೆ ದುಬೈ ಬಸ್ಸಿನಲ್ಲಿ ಅರ್ಧ ಚಾರ್ಜು. ಅವಳು ಅದನ್ನು ಮೊದಲು ತೋರಿಸಿದ್ದು ಎದುರು ಫ್ಲ್ಯಾಟಿನ ಸಕೀನಳಿಗೆ.

ಕರಾಮ ಬಡಾವಣೆಯ ಆ ಹಳೆಯ ಕಟ್ಟಡದಲ್ಲಿ ಇಬ್ಬರೂ ತಮ್ಮ ಮಕ್ಕಳು ಮಾಡಿಸಿಕೊಟ್ಟ ವೀಸಾದಲ್ಲಿ ಇದ್ದವರು. ಎಂಟು ವರ್ಷಗಳಿಂದ ಒಟ್ಟಿಗೇ ಬಸ್ಸು ಹತ್ತಿ ಮೀನು ಮಾರ್ಕೆಟ್ಟಿಗೆ ಹೋಗುತ್ತಿದ್ದರು. ನಿಜಕ್ಕೂ ಸಕೀನಳೇ ಎರಡು ವರ್ಷ ದೊಡ್ಡವಳು. ಆದರೆ ಫೆಲ್ಸಿಯ ಜನ್ಮದಿನ ಇಗರ್ಜಿಯ ಜ್ಞಾನಸ್ನಾನದ ಪುಸ್ತಕದಲ್ಲಿ ಸರಿಯಾಗಿತ್ತು. ಸಕೀನಳದ್ದನ್ನು ಶಾಲೆಯ ಹೆಡ್‌ಮಾಸ್ಟರು ಅವಳ ಗಿಡ್ಡ ಮೈ ನೋಡಿ ಅಂದಾಜಿಗೆ ಬರೆದಿದ್ದರು. ಪಾಸ್‌ಪೋರ್ಟಿನ ಪ್ರಕಾರ ಅವಳಿಗೆ ಐವತ್ತೆಂಟು.

ತನಗೂ ಆ ಕಾರ್ಡು ಬೇಕೆಂದು ಸಕೀನ ಹಟ ಹಿಡಿದು ಫೆಲ್ಸಿಯನ್ನೇ ಕರೆದುಕೊಂಡು ಕಾರ್ಡಿನ ಕೌಂಟರಿಗೆ ಹೋದಳು.

“ಇನ್ನೂ ಎರಡು ವರ್ಷ ಉಂಟು ಅಮ್ಮ. ನೀವಿನ್ನೂ ಸಣ್ಣವರು,” ಎಂದು ಅಲ್ಲಿದ್ದ ಮಂಗಳೂರಿನ ಹುಡುಗಿ ನಕ್ಕಳು.

“ಸಣ್ಣ ಪ್ರಾಯ ಅಂದ್ರೆ ಒಳ್ಳೇದೇ ಅಲ್ವಾ ಸಕೀನಕ್ಕ!” ಎಂದಳು ಫೆಲ್ಸಿ.

ಸಕೀನಳಿಗೆ ಮೈಯೆಲ್ಲ ಉರಿಯಿತು. ಮನೆಯಲ್ಲಿ ಮಗ ಹಾಶಿಮ್ ಸಮಾಧಾನ ಮಾಡಿದ. “ಉಮ್ಮಾ, ನಿಮ್ಮ ಮಾಮೂಲಿ ಬಸ್ ಕಾರ್ಡಿಗೆ ಎಷ್ಟು ದುಡ್ಡು ಬೇಕಾದ್ರೂ ನಾನು ಹಾಕ್ತೇನಲ್ಲ?”

“ದುಡ್ಡಿನ ವಿಷಯ ಅಲ್ಲ ಮೋನೆ. ಅವಳು ನನಗಿಂತ ದೊಡ್ಡವಳಾ?”

ಅಂದಿನಿಂದ ಫೆಲ್ಸಿಯ ಕೊರಳಲ್ಲಿ ನೇತಾಡುವ ಕಾರ್ಡು ಸಕೀನಳ ಕಣ್ಣಿಗೆ ಚುಚ್ಚತೊಡಗಿತು. ಒಂದು ಗುರುವಾರ ಸಕೀನಳ ಅಡುಗೆಮನೆಯಲ್ಲಿ ಬಂಗುಡೆ ಕೊಯ್ಯಲು ಕುಳಿತ ಫೆಲ್ಸಿ, ಕಾರ್ಡು ತೆಗೆದು ಫ್ರಿಜ್ಜಿನ ಮೇಲಿಟ್ಟು ಮರೆತು ಹೋದಳು. ಸಕೀನ ಅದನ್ನು ಅಕ್ಕಿ ಡಬ್ಬದೊಳಗೆ ತುರುಕಿದಳು.

ಸಂಜೆ ಫೆಲ್ಸಿ ಬಂದು ಕೇಳಿದಾಗ, “ಇಲ್ಲಿ ಎಲ್ಲಿ? ಬಸ್ಸಲ್ಲಿ ಬಿದ್ದಿರ್ಬೇಕು,” ಎಂದಳು.

ಮರುದಿನ ಸುಡುವ ಬಿಸಿಲಲ್ಲಿ ಫೆಲ್ಸಿ ಬಸ್‌ಸ್ಟಾಪಿನ ಬೆಂಚಿನಡಿ ಬಗ್ಗಿ ಹುಡುಕುವುದನ್ನು ಸಕೀನ ಕಿಟಕಿಯಿಂದ ನೋಡಿದಳು. ನೋಡುವಾಗ ಒಳಗೊಳಗೇ ತಂಪಾಯಿತು.

ಮೂರನೆಯ ದಿನ ಫೆಲ್ಸಿಯೇ ಬಂದಳು. “ಹೋಗ್ಲಿ ಬಿಡಿ ಅಕ್ಕ. ಮಗ ಶರ್ವಿನ್ ಹೊಸದು ಮಾಡಿಸ್ತೇನೆ ಅಂದ, ನಾನೇ ಬೇಡ ಅಂದೆ. ಆ ದಿನ ಕೌಂಟರಲ್ಲಿ ನಿಮ್ಮ ಮುಖ ನೋಡಿ ನನಗೆ ಬೇಜಾರಾಗಿತ್ತು. ನಿಮ್ಮದು ಯಾವ ಕಾರ್ಡೋ ನನಗೂ ಅದೇ ಸಾಕು.”

ಸಕೀನಳ ಹೊಟ್ಟೆಕಿಚ್ಚು ಇನ್ನಷ್ಟು ಹೊತ್ತಿಕೊಂಡಿತು. ಬಿಟ್ಟುಕೊಡುವ ದೊಡ್ಡತನವೂ ಇವಳದ್ದೇ ಆಯಿತಲ್ಲ! ಧಡಕ್ಕನೆ ಎದ್ದು ಡಬ್ಬಕ್ಕೆ ಕೈ ಹಾಕಿ ಕಾರ್ಡು ತೆಗೆದು ಅವಳ ಮಡಿಲಿಗೆ ಎಸೆದಳು.

“ತಕೋ. ನಾನೇ ಅಡಗಿಸಿಟ್ಟದ್ದು. ನೋಡ್ಲಿಕ್ಕೆ ಆಗ್ಲಿಲ್ಲ ನನಗೆ.”

ಫೆಲ್ಸಿ ಕಾರ್ಡಿಗೆ ಅಂಟಿದ್ದ ಅಕ್ಕಿಹುಡಿಯನ್ನು ಸೆರಗಲ್ಲಿ ಒರೆಸಿದಳು. “ನಾನು ಬಿಸಿಲಲ್ಲಿ ಹುಡುಕ್ತಿದ್ದದ್ದು ನೀವು ನೋಡಿದ್ರಾ?”

“ನೋಡಿದೆ.”

ಫೆಲ್ಸಿ ಎದ್ದು ಹೋದಳು.

ಎಂಟು ದಿನ ಎದುರು ಫ್ಲ್ಯಾಟಿನ ಬಾಗಿಲು ತೆರೆಯಲಿಲ್ಲ. ಎರಡು ಸಲ ಸಕೀನ ಬೆಲ್ಲಿನವರೆಗೆ ಬೆರಳು ಒಯ್ದು ಹಿಂದೆ ಬಂದಳು. ಒಂಬತ್ತನೆಯ ದಿನ ಅವಳು ಸ್ಟಾಪಿನಲ್ಲಿ ನಿಂತಿದ್ದಾಗ ಫೆಲ್ಸಿ ಚೀಲ ಹಿಡಿದು ಬಂದಳು. ಬಸ್ಸಿನಲ್ಲಿ ಪಕ್ಕದಲ್ಲೇ ಕುಳಿತರೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮಾರ್ಕೆಟ್ಟಿನಲ್ಲಿ ಸಕೀನ ಅಂಜಲ್ ಮೀನೊಂದನ್ನು ಎತ್ತಿಕೊಂಡಳು. ಫೆಲ್ಸಿ ಅದರ ಕಿವಿರು ಬಿಡಿಸಿ ನೋಡಿ ಹೇಳಿದಳು:

“ಇದು ಹಳತು. ಬೇಡ.”

ಸಕೀನ ಮೀನನ್ನು ಕೆಳಗಿಟ್ಟು ಅವಳ ಹಿಂದೆ ನಡೆದಳು.