ಎಡಗೈಯ ಬಿಸಿಲು

ರೊಡೆಲ್ ಶವಪೆಟ್ಟಿಗೆಯೊಳಗೆ ಬಗ್ಗಿ ಅಪ್ಪನ ಎಡಗೈಯ ವಾಚು ಬಿಚ್ಚುತ್ತಿದ್ದ. ಸೆಟೆದ ಕೈಯಿಂದ ಉಕ್ಕಿನ ಪಟ್ಟಿ ಸುಲಭಕ್ಕೆ ಜಾರಲಿಲ್ಲ.

"ಮೆಲ್ಲಗೆ, ಗೀರು ಬಿದ್ದೀತು," ಎಂದ ಪಕ್ಕದಲ್ಲಿದ್ದ ಜೆರಿಕ್. ಹಳೇ ವಾಚು ಕೂಡಿಡುವ ಹುಚ್ಚಿನವನು. ಈ ವಾಚು ಕೊಳ್ಳಲೆಂದು ಮನಿಲಾದಿಂದ ಅವನನ್ನು ಕರೆತಂದವನು ರೊಡೆಲ್ಲೇ.

"ಗೀರು ಅಪ್ಪನ ಕೈಗೋ, ವಾಚಿಗೋ?" ಎಂದಳು ನೆನಿತಾ.

ತಂಗಿ ಬಾಯಿಬಿಟ್ಟಿದ್ದು ಕಂಡು ರೊಡೆಲ್ ತಲೆಯೆತ್ತಿದ. "ನೀನು ಸುಮ್ನಿರೇ. ಮಣ್ಣಿಗೆ ಹಾಕಿದ್ರೆ ಯಾರಿಗೇನು ಬಂತು?"

"ಅದು ಅಪ್ಪನ ಜೊತೇನೇ ಹೋಗ್ಬೇಕು. ಮನೇಲೂ ಬೇಡ, ಇನ್ಯಾರ ಕೈಮೇಲೂ ಬೇಡ."

"ಬದುಕಿದ್ದಾಗ ಒಂದು ಫೋನಿಲ್ಲ. ಈಗ ನೋಡು, ಕೈ ಬಿಡ್ತಾನೇ ಇಲ್ಲ, ಮುದ್ದಿನ ಮಗ!" ಎಂದಳು ತೊಯಾ ಅತ್ತೆ. ಅವಳ ಕೈಯಲ್ಲಿ ಕತ್ತರಿಯಿತ್ತು. ಸತ್ತವರ ಬೆರಳಲ್ಲಿ ಜಪಮಾಲೆಯನ್ನು ಇಡಿಯಾಗಿ ಬಿಟ್ಟರೆ ಸಾವು ಮನೆಯವರನ್ನೂ ಮಣಿಗಳಂತೆ ಪೋಣಿಸಿಕೊಂಡು ಹೋಗುತ್ತದೆಂಬ ನಂಬಿಕೆ. ಅದನ್ನು ಕತ್ತರಿಸಲು ಅವಳು ಕಾದಿದ್ದಳು.

ಅಮ್ಮ ಪಾಸಿತಾ ಮೂಲೆಯ ಕುರ್ಚಿಯಲ್ಲಿ ನೆಲ ನೋಡುತ್ತ ಕೂತಿದ್ದಳು.

ಜೆರಿಕ್ ವಾಚನ್ನು ಬೆಳಕಿಗೆ ಹಿಡಿದ. ಕಿತ್ತಳೆ ಮುಖ, ಸುತ್ತ ನೀಲಿ ಬಳೆ, ಒಳಗೊಂದು ಹಳದಿ ಕಣ್ಣು. ಒಂದು ಪಕ್ಕದಲ್ಲಿ ಕಿತ್ತಳೆ ಮಾಸಿ ಚಹಾದ ಬಣ್ಣಕ್ಕೆ ತಿರುಗಿತ್ತು.

"ಹೊಸದರ ಹಾಗೆ ಹೊಳೀತಿದ್ರೆ ನಂಗೆ ಬೇಡವೇ ಬೇಡ," ಎಂದ. ಅವನ ದನಿ ಪ್ರಾರ್ಥನೆಯವರ ದನಿಯಷ್ಟು ತಗ್ಗಿತ್ತು. "ಜೀಪ್ನಿ ಗಾಡಿಯ ಕಿಟಕಿ ಮೇಲೆ ಈ ಕೈ ಇಟ್ಕೊಂಡೇ ಓಡಿಸ್ತಿದ್ರಲ್ಲ? ಅಷ್ಟೂ ವರ್ಷದ ಬಿಸಿಲು ಕುಡಿದು ಹೀಗೆ ಮಾಗಿದೆ. ಒಂದು ಜೀವಮಾನವೇ ಇದ್ರಲ್ಲಿದೆ."

"ಯಾರದ್ದು?" ಎಂದಳು ನೆನಿತಾ.

*

ಜಪಾನಿನಿಂದ ಆ ವಾಚನ್ನು ತಂದುಕೊಟ್ಟವನು ಹಡಗಿನಲ್ಲಿ ದುಡಿಯುತ್ತಿದ್ದ ಗೆಳೆಯ. ಅಪ್ಪ ಫೌಸ್ತೊ ಆಗ ಇಲೊಯ್ಲೊ ಊರಲ್ಲಿ ಹಾರೊದಿಂದ ಮೋಲೊಗೆ, ಸ್ಟೀರಿಂಗು ಎಡಕ್ಕಿರುವ, ಜನ ಹತ್ತಿಸುವ ಜೀಪ್ನಿ ಓಡಿಸುತ್ತಿದ್ದ. ಮುಂದಿನ ಗಾಡಿಯವನು ಜನರನ್ನೆಲ್ಲ ಬಾಚಿಕೊಂಡು ಹೋಗದ ಹಾಗೆ ಪ್ರತಿ ಸುತ್ತಿಗೂ ವಾಚಿನ ಮೇಲಿನ ಗುಂಡಿ ಒತ್ತಿ ಹೊತ್ತು ಅಳೆಯುತ್ತಿದ್ದ.

ಆಮೇಲೆ ಆ ಅಳತೆ ಮನೆಗೂ ಬಂತು. ಟಿಕ್. ಹೆಂಡತಿ ಕಾಫಿ ತರಬೇಕು. ಟಿಕ್. ಮಗ ಅಂಗಡಿಗೆ ಓಡಿ ಸಿಗರೇಟು ತರಬೇಕು. ತಡವಾದರೆ ಸೊಂಟದ ಬೆಲ್ಟು ಕೈಗೆ ಬರುತ್ತಿತ್ತು. ನೆನಿತಾಳನ್ನು ಶಾಲೆ ಬಿಡಿಸಿ ಜೀಪ್ನಿಯ ಹಿಂದಿನ ಮೆಟ್ಟಿಲಿಗೆ ನಿಲ್ಲಿಸಿದ ಮೇಲೆ ನಿಲುಗಡೆಗೊಂದು ಟಿಕ್. "ಹತ್ತಿಸೇ, ಇಳಿಸೇ! ಮದುವೆಗೆ ಬಂದಿದೀಯಾ?"

ಪ್ರಯಾಣಿಕರು ಯಾರಾದರೂ ವಾಚಿನ ಬಣ್ಣ ಹೊಗಳಿದರೆ ಮಾತ್ರ ಕೈ ಒಳಗೆಳೆದುಕೊಂಡು ತೋರಿಸಿ, ಹಲ್ಲು ಕಾಣುವಂತೆ ನಗುತ್ತಿದ್ದ. ಹಿಂದಿನಿಂದ ಕನ್ನಡಿಯಲ್ಲಿ ನೆನಿತಾ ಅದನ್ನು ನೋಡುತ್ತಿದ್ದಳು. ಆ ನಗು ಮನೆಯವರೆಗೆ ಬರುತ್ತಿರಲಿಲ್ಲ.

*

ಕೈ ಅಲುಗಿದರಷ್ಟೇ ನಡೆಯುವ ವಾಚು ಅಲುಗದ ಕೈಮೇಲೆ ನಿಂತುಹೋಗಿತ್ತು. ಜೆರಿಕ್ ಅದನ್ನು ಮೆಲ್ಲಗೆ ಅಲ್ಲಾಡಿಸಿದ. ಅದು ಮತ್ತೆ ನಡೆಯಿತು. "ಜೀವ ಇದೆ! ಸ್ಟಾಪ್‌ವಾಚ್ ಓಡುತ್ತಾ ನೋಡೋಣ," ಎಂದು ಮೇಲಿನ ಗುಂಡಿ ಒತ್ತಿದ.

ಟಿಕ್.

ಮೂಲೆಯ ಕುರ್ಚಿ ಮಗುಚಿ ಬಿತ್ತು. ಪಾಸಿತಾ ಸೆರಗಿನಂಥ ಕಪ್ಪು ಶಾಲನ್ನು ನೆಲಕ್ಕೆ ಬಿಟ್ಟು ಅಡುಗೆಮನೆಗೆ ಓಡಿದ್ದಳು. ರೊಡೆಲ್‌ನ ಬೆನ್ನು ತಾನಾಗಿ ನೆಟ್ಟಗಾಗಿತ್ತು. ಎರಡೂ ಅಂಗೈ ಹಿಂದೆ ಹೋಗಿ, ಬೆಲ್ಟು ಬೀಳುತ್ತಿದ್ದ ತೊಡೆಗಳ ಹಿಂಭಾಗವನ್ನು ಮುಚ್ಚಿಕೊಂಡಿದ್ದವು.

"ಯಾರಿಗೆ ಕಾಫಿ, ಪಾಸಿತಾ? ಎಲ್ರದ್ದೂ ಆಯ್ತಲ್ಲ!" ಎಂದು ತೊಯಾ ಅತ್ತೆ ಕೂಗಿದಳು. ಒಳಗೆ ಬಟ್ಟಲು ಗಡಗಡ ಸದ್ದು ಮಾಡಿತು.

ನೆನಿತಾ ಕೈ ಚಾಚಿದಳು. ಜೆರಿಕ್ ರೊಡೆಲ್‌ನ ಮುಖ ನೋಡಿದ.

"ಕೊಟ್ಬಿಡು," ಎಂದ ರೊಡೆಲ್. ಕೈಗಳನ್ನು ಇನ್ನೂ ಮುಂದೆ ತಂದಿರಲಿಲ್ಲ.

"ಅನ್ಯಾಯ ಕಣ್ರೀ. ಇಂಥದ್ದು ಇನ್ನೊಂದಿಲ್ಲ," ಎನ್ನುತ್ತ ಜೆರಿಕ್ ಕೊಟ್ಟ.

"ಪುಣ್ಯ," ಎಂದಳು ನೆನಿತಾ.

ಅವಳು ವಾಚನ್ನು ಅಪ್ಪನ ಕೈಗೆ ಬಿಗಿದಳು. ಸ್ಟಾಪ್‌ವಾಚಿನ ಕೆಂಪು ಮುಳ್ಳು ಓಡುತ್ತಲೇ ಇತ್ತು. ತೊಯಾ ಅತ್ತೆ ಜಪಮಾಲೆ ಕತ್ತರಿಸಿದಳು. ಹೊರುವವರು ಮುಚ್ಚಳ ಹಾಕಿ ತಿರುಪು ಬಿಗಿದರು.

ಆಗ ಪಾಸಿತಾ ಏದುಸಿರು ಬಿಡುತ್ತ ಬಂದಳು. ಹಬೆಯಾಡುವ ಬಟ್ಟಲು ಹಿಡಿದು ಪೆಟ್ಟಿಗೆಯ ಎಡಕ್ಕೆ ನಿಂತಳು. ಹೊರುವವರು ಹೆಗಲು ಕೊಡಲು ಬಗ್ಗಿದರು. ಅವಳು ಕದಲಲಿಲ್ಲ. ಬಟ್ಟಲನ್ನು ತನ್ನ ತುಟಿಗೆ ತಂದು ಊದಿದಳು, ಒಂದು ಗುಟುಕು ಕುಡಿದಳು, ಮತ್ತೆ ಊದಿದಳು. ಬಗ್ಗಿದವರು ಬಗ್ಗಿಕೊಂಡೇ ಕಾದರು.