ಕಾರ್ಬುರೇಟರ್ ಕಳಚುವ ಮೊದಲು

ಟಿಕೆಟ್ ಇಲ್ಲದ ಪ್ರಯಾಣಿಕನ ಮುಖ ನೋಡಿ ಪ್ರಯೋಜನವಿಲ್ಲ, ಕಾಲು ನೋಡಬೇಕು. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿಕೊಂಡೇ ತಲೆ ನೆರೆಸಿಕೊಂಡವಳು ನಾನು. ಮುಖಕ್ಕೆ ಸುಳ್ಳು ಹೇಳಲು ಬರುತ್ತದೆ. ಪಾದಕ್ಕೆ ಬರುವುದಿಲ್ಲ, ಅದು ಬಾಗಿಲ ಕಡೆ ತಿರುಗಿಬಿಡುತ್ತದೆ. ಈ ಗುಟ್ಟನ್ನು ಮದುವೆಯಾದ ಹೊಸದರಲ್ಲಿ ಜಂಬದಿಂದ ನನ್ನ ಗಂಡನಿಗೂ ಹೇಳಿಕೊಟ್ಟಿದ್ದೆ. ಹಾಗಾಗಿ ಒಂದು ದಿನ ಊಟದ ಮಧ್ಯೆ ಇವರು, "ಕಾರಿಗೆ ಫ್ಯೂಯಲ್ ಇಂಜೆಕ್ಷನ್ ಹಾಕಿಸ್ತೀನಿ, ಕಾರ್ಬುರೇಟರ್ ತೆಗೆಸಿಬಿಡ್ತೀನಿ" ಎಂದಾಗ ನಾನು ಮೊದಲು ಬಗ್ಗಿ ಮೇಜಿನ ಕೆಳಗೆ ನೋಡಿದೆ. ಎರಡು ಪಾದಗಳೂ ಕುರ್ಚಿಯ ಕಾಲಿನ ಹಿಂದೆ ಅಡಗಿ ಕೂತಿದ್ದವು.

"ಏನೇ ಹುಡುಕ್ತಿದೀಯ?"

"ಚಮಚ ಬಿತ್ತು."

ಆ ಕಾರು ನಮ್ಮ ಮದುವೆಗಿಂತ ಹಳೆಯದು. ಇವರದು ಗಡಿಯಾರ ರಿಪೇರಿಯ ಕೈ, ಕೂದಲಿನಷ್ಟು ಸಣ್ಣ ಸ್ಪ್ರಿಂಗನ್ನೂ ಅಲುಗದೆ ಕೂರಿಸುತ್ತದೆ. ರಜೆ ಬಂತೆಂದರೆ ಬಾನೆಟ್ ಎತ್ತಿ, ಪೆಟ್ರೋಲಿಗೆ ಗಾಳಿ ಬೆರೆಸುವ ಆ ಲೋಹದ ಡಬ್ಬಿಯನ್ನು ಬಿಚ್ಚಿ, ಅದರ ತೂತುಗಳನ್ನು ಊದಿ, ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅಷ್ಟು ಅಕ್ಕರೆಯಿಂದ ನನ್ನನ್ನು ನೋಡಿದ್ದರೆ ನಾನು ಎಂದೋ ಉಬ್ಬಿಹೋಗುತ್ತಿದ್ದೆ. ಯಾರಾದರೂ ಹೊಸ ಕಾರಿನವರು ಇಂಜೆಕ್ಷನ್ ಹೊಗಳಿದರೆ, "ಇಂಜೆಕ್ಷನ್ ಬೇಕಿರೋದು ಕಾಯಿಲೆಯವರಿಗೆ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಅಂಥವರಿಗೆ ಈಗ ಏಕಾಏಕಿ ಇದೇನು ಅವಸರ?

ನನ್ನ ಸಂಶಯ ಶುರುವಾದದ್ದು ಅಂದಲ್ಲ, ಅದಕ್ಕೂ ಹಿಂದಿನ ಚಳಿಗಾಲದಲ್ಲಿ. ಒಂದು ಬೆಳಗ್ಗೆ ನನಗೆ ಎದೆ ಹಿಂಡಿದ ಹಾಗಾಯಿತು. ಇವರು ನನ್ನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಕಾರು ಸ್ಟಾರ್ಟ್ ಆಗಲಿಲ್ಲ. ಇಂಜಿನ್ ಗೊರಗೊರ ಎಂದು ಕೊನೆಗೆ ಸುಮ್ಮನಾಯಿತು, ಪೆಟ್ರೋಲ್ ವಾಸನೆ ಮೂಗಿಗೆ ಅಡರಿತು. ಎದುರುಮನೆಯವರು ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಸೇರಿಸಿದ್ದಕ್ಕೆ ಬದುಕಿದೆ. "ಇನ್ನು ಸ್ವಲ್ಪ ತಡವಾಗಿದ್ರೆ..." ಎಂದ ಡಾಕ್ಟರು ಮಾತು ಮುಗಿಸಲಿಲ್ಲ. ನಾನೇ ಮುಗಿಸಿಕೊಂಡೆ.

ವಾಸನೆ ಬಂತೆಂದರೆ ಇಂಜಿನ್ ಕಂಠಮಟ್ಟ ಪೆಟ್ರೋಲ್ ಕುಡಿದಿದೆ ಎಂದರ್ಥ. ಇದನ್ನು ಕಲಿಸಿದವರೂ ಇವರೇ. ಚೋಕ್ ಎಳಿ, ಪೆಡಲನ್ನು ಮೆತ್ತಗೆ ಎರಡು ಸಲ ಒತ್ತು, ಆಮೇಲೆ ಕೀ ತಿರುಗಿಸು. ಹೆಚ್ಚು ತುಳಿದೆಯೋ, ಕೆಟ್ಟೆ. ಇಷ್ಟು ವರ್ಷ ಒಮ್ಮೆಯೂ ಹೆಚ್ಚು ತುಳಿಯದ ಮನುಷ್ಯ ಅದೊಂದು ದಿನ ಯಾಕೆ ತುಳಿದರು? ಹಿಂದೆ ಮಲಗಿದ್ದ ನನಗೆ ಅವರ ಕಾಲು ಕಂಡಿರಲಿಲ್ಲ. ಬಾಯಿಬಿಟ್ಟು ಕೇಳುವ ಧೈರ್ಯವೂ ಬರಲಿಲ್ಲ. ಅಂದಿನಿಂದ ಇವರು ಮಾತ್ರೆ ಕೊಟ್ಟರೆ ಹೆಸರು ಓದಿಯೇ ನುಂಗುತ್ತಿದ್ದೆ.

ಇಂಜೆಕ್ಷನ್ ಮಾತು ಬಂದ ಮಾರನೆಯ ದಿನ ಇವರಿಗೆ ತಿಳಿಯದಂತೆ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ಬಂದ.

"ನಾನೂ ಬೇಡ ಅಂದೆ ಅಕ್ಕಾ. ಕಾರ್ಬುರೇಟರ್ ಗಟ್ಟಿಮುಟ್ಟಾಗಿದೆ. ಇಂಜೆಕ್ಷನ್ ಅಂದ್ರೆ ಬೇರೆ ಪಂಪು, ಕಂಪ್ಯೂಟರು, ವೈರಿಂಗು, ದೊಡ್ಡ ರಾಮಾಯಣ. ಯಜಮಾನ್ರು ಕೇಳ್ತಾನೇ ಇಲ್ಲ. ಹಳೇದನ್ನ ಮನೆಗೂ ಕಳಿಸ್ಬೇಡ, ಗುಜರಿಗೆ ಹಾಕು ಅಂದ್ರು."

"ಯಾಕಂತೆ?"

"ಹೇಳೋಕೆ ಬಾಯಿ ತೆಗೆದ್ರು. ಆಮೇಲೆ ಕನ್ನಡಕ ಒರೆಸ್ಕೊಂಡು ಹೊರಟುಹೋದ್ರು."

ಮಗುವಿನ ಹಾಗೆ ಸಾಕಿದ್ದನ್ನು ಗುಜರಿಗೆ! ಇದ್ದ ಒಂದು ಸಾಕ್ಷಿಯನ್ನೂ ಇಲ್ಲವಾಗಿಸುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ನೋಡಿಯೇಬಿಡೋಣ ಎಂದುಕೊಂಡೆ.

ಕಾರು ಗ್ಯಾರೇಜಿಗೆ ಹೋಗಬೇಕಿದ್ದ ದಿನ ಬೆಳಗ್ಗೆ, ಇವರು ಹಲ್ಲುಜ್ಜುತ್ತಿದ್ದಾಗ, ನಾನು ಎದೆ ಹಿಡಿದುಕೊಂಡು ಗೋಡೆಗೆ ಒರಗಿದೆ. "ರೀ... ಮತ್ತೆ ಬಂತು."

ಬ್ರಷ್ಷು ಎಲ್ಲಿ ಬಿತ್ತೋ. ನನ್ನನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಕಾರಿಗೆ ತಂದರು. ಈ ಸಲ ನಾನು ಹಟ ಹಿಡಿದು ಮುಂದಿನ ಸೀಟಿನಲ್ಲಿ ಕೂತು ಕೆಳಗೆ ನೋಡಿದೆ.

ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದು ಬರಿಗಾಲು. ಆ ಬರಿಗಾಲು ಪೆಡಲನ್ನು ತುಳಿಯುತ್ತಿತ್ತು, ತುಳಿಯುತ್ತಲೇ ಇತ್ತು. ಸ್ಪ್ರಿಂಗ್ ಕೂರಿಸುವ ಆ ಕೈಗೆ ಕೀ ತೂತೇ ಸಿಗುತ್ತಿರಲಿಲ್ಲ. "ಸ್ಟಾರ್ಟ್ ಆಗು, ಸ್ಟಾರ್ಟ್ ಆಗು, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಕಾರಿಗೆ ಗೋಗರೆಯುತ್ತಿದ್ದರು. ಟೂತ್‌ಪೇಸ್ಟಿನ ನೊರೆ ಗಲ್ಲದಿಂದ ಇಳಿಯುತ್ತಿತ್ತು. ಪೆಟ್ರೋಲ್ ವಾಸನೆ ಬಂತು. ನನಗೆ ನಾಚಿಕೆಯಿಂದ ಸತ್ತುಹೋಗುವಂತಾಯಿತು.

ಅವರ ಮಂಡಿಯ ಮೇಲೆ ಕೈಯಿಟ್ಟೆ. "ತುಳೀಬೇಡಿ. ನಂಗೇನೂ ಆಗಿಲ್ಲ."

"ನೋವು?"

"ನೋವಿಲ್ಲ. ಸುಮ್ನೆ... ನೋಡೋಣ ಅಂತ."

"ಏನು ನೋಡೋಣ ಅಂತ?"

ನನ್ನ ಕಣ್ಣು ಇನ್ನೂ ಅವರ ಕಾಲಿನ ಮೇಲೇ ಇತ್ತು. ಅವರೂ ಒಮ್ಮೆ ತಮ್ಮ ಕಾಲು ನೋಡಿಕೊಂಡರು, ಆಮೇಲೆ ನನ್ನನ್ನು. ಅವರಿಗೆ ಎಲ್ಲ ಅರ್ಥವಾಯಿತು.

"ಅವತ್ತೂ ಹೀಗೇ ಆಯ್ತು ಕಣೇ," ಎಂದರು. "ಹೆದರಿಕೆಯಾದ್ರೆ ಈ ಕಾಲು ನನ್ನ ಮಾತು ಕೇಳಲ್ಲ. ಇಂಜೆಕ್ಷನ್ನಲ್ಲಿ ಕೀ ತಿರುಗಿಸೋ ಮೊದಲು ಎಷ್ಟು ತುಳಿದ್ರೂ ಒಂದು ಹನಿ ಹೆಚ್ಚಿಗೆ ಹೋಗಲ್ವಂತೆ. ಅದಕ್ಕೇ ಹಾಕಿಸೋಣ ಅಂದಿದ್ದು."

ಗಲ್ಲ ಒರೆಸಿಕೊಂಡು ಇಳಿದು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

ಇಂಜೆಕ್ಷನ್ ಹಾಕಿಸಿ ಈಗ ತಿಂಗಳುಗಳೇ ಕಳೆದಿವೆ. ಕೀ ತಿರುಗಿಸಿದ ಕೂಡಲೇ ಕಾರು ಹೊರಡುತ್ತದೆ. ನಾನು ಮಾತ್ರೆಯ ಹೆಸರು ಓದುವುದನ್ನು ಬಿಟ್ಟಿದ್ದೇನೆ.

ನಿನ್ನೆ ಮಹಡಿ ಮೆಟ್ಟಿಲು ಹತ್ತುವಾಗ ಎದೆ ನಿಜವಾಗಿಯೂ ಹಿಂಡಿತು. "ರೀ" ಎಂದು ಕೂಗಿದೆ. ಇವರು ಕೀ ಹಿಡಿದುಕೊಂಡು ಬಂದರು. ಆದರೆ ಕೆಳಗಿನ ಮೆಟ್ಟಿಲ ಹತ್ತಿರ ಒಂದು ಗಳಿಗೆ ನಿಂತರು. ನಿಂತು, ಮೊದಲು ನನ್ನ ಪಾದ ನೋಡಿದರು.