ಕೋಕೋ ಗಿಡಕ್ಕೆ ನೆರಳಾದ ಮನೆ ಅಳಿಯ

ಅತ್ತ ಬಸ್ಸೂ ಇಲ್ಲದ, ಇತ್ತ ದೋಣಿಯೂ ನೆಟ್ಟಗೆ ಬಾರದ ಆ ಮೂಲೆಯಲ್ಲಿ ಕೋಕೋ ಬೆಳೆಯಲು ಭಾರೀ ಅವಕಾಶವಿದೆಯೆಂದು ಯಾವನೋ ಪುಣ್ಯಾತ್ಮ ದೂರದ ಕಚೇರಿಯಲ್ಲಿ ಕೂತು ಕಂಡುಹಿಡಿದ. ಸಸಿ ಬಂದವು. ಕಾಯಿ ತುಂಬಿಡಲು ಗೋದಾಮೂ ಎದ್ದಿತು. ಕೂಸು ಹುಟ್ಟುವ ಮುಂಚೆ ಕುಲಾವಿ. ಆದರೆ ಕೋಕೋಗೆ ನೆರಳು ಬೇಕು, ನೆರಳಿಗೆಂದು ಕಳಿಸಬೇಕಾದ ಬಾಳೆಕಂದು ಬರಲೇ ಇಲ್ಲ. ಊರ ಬಾಳೆ ನೆಡೋಣವೆಂದರೆ, ಇಲಾಖೆಯ ಬಾಳೆಯೇ ಆಗಬೇಕೆಂದು ಕೃಷಿ ಅಧಿಕಾರಿಯ ಕಟ್ಟಪ್ಪಣೆ. ಸಸಿಗಳೆಲ್ಲ ಬಿಸಿಲಿಗೆ ಕರಕಲಾದವು.

ಒಂದೇ ಒಂದು ಉಳಿಯಿತು, ಬಡಗಿಯ ಹಿತ್ತಿಲಲ್ಲಿ. ಅದಕ್ಕೆ ಕಾರಣ ಬಡಗಿಯ ಅಳಿಯ. ಆನೆಯಂಥ ಮೈ, ಹೆಂಡತಿಯ ತವರಲ್ಲೇ ಠಿಕಾಣಿ, ಉಳಿ ಹಿಡಿದರೆ ಬೆರಳಿಗೆ ಏಟು, ಗರಗಸ ಹಿಡಿದರೆ ಮೊಣಕಾಲಿಗೆ. ಮಾವನ ಕಣ್ಣಿಗೆ ಬೀಳದಿರಲೆಂದು ಉಂಡ ಮೇಲೆ ಹಿತ್ತಿಲಲ್ಲಿ ಕೂತು ತೂಕಡಿಸುತ್ತಿದ್ದ. ನೆರಳು ಸಸಿಯ ಮೇಲೆ ಬೀಳುತ್ತಿತ್ತು.

ಅಧಿಕಾರಿ ಬಂದು ಬೆಳಕು ಅಳೆಯುವ ಯಂತ್ರವಿಟ್ಟು ನೋಡಿದ. "ಹೇಳಿ ಮಾಡಿಸಿದ ಹಾಗಿದೆ! ಇವರನ್ನ ಇಲ್ಲಿಂದ ಕದಲಿಸಬೇಡಿ."

ಮಾವ ಹಲ್ಲು ಕಡಿದರು. "ಕೇಳಿದ್ರಲ್ಲ ಅಳಿಯಂದಿರೇ? ಗಿಡ ಇದ್ರೆ ನೀವು. ಅದು ಒಣಗಿದ ದಿನವೇ ಗಂಟುಮೂಟೆ ಕಟ್ಟಿ."

"ಅಪ್ಪಾ!" ಎಂದಳು ಮಗಳು. ಅಪ್ಪ ಕೇಳಿಸಿಕೊಳ್ಳಲಿಲ್ಲ.

ಅಳಿಯನಿಗೆ ಹೋಗಲು ಬೇರೆ ಮನೆಯಿರಲಿಲ್ಲ, ಹೆಂಡತಿಯನ್ನು ಬಿಟ್ಟಿರುವ ಎದೆಯೂ ಇರಲಿಲ್ಲ. ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ, ನಡುಹಗಲು ಗಿಡದ ಮೇಲೆ ಬಾಗಿ ನಿಂತ. ಹುಟ್ಟಿದಾಗಿನಿಂದ ಮೊದಲ ಸಲ ಅವನಿಗೊಂದು ಕೆಲಸ ಬಂದಿತ್ತು, ಅದರಲ್ಲಿ ಅವನನ್ನು ಮೀರಿಸುವವರೇ ಇರಲಿಲ್ಲ.

ಗಿಡ ಸೊಂಟಕ್ಕೆ ಬಂತು, ಭುಜಕ್ಕೆ ಬಂತು. ಅಳಿಯನ ನಿದ್ದೆ ಹಾರಿತು. ಮಾವ ಗೊಣಗುತ್ತಲೇ ಒಂದು ಮಣೆ ಮಾಡಿಕೊಟ್ಟರು. ಆಮೇಲೆ ಸ್ಟೂಲು. ಆಮೇಲೆ ಮೇಜು. ಕೊನೆಗೆ ಅಳಿಯನ ತೂಕ ತಡೆಯುವಂಥ ಏಣಿ. ಅದನ್ನು ಯಾರಾದರೂ ಹಿಡಿಯಬೇಕಲ್ಲ? ತಾವೇ ಹಿಡಿದರು. "ನಮ್ಮನೆ ಬಾಗಿಲು ಯಾವಾಗ ಮಾಡ್ಕೊಡ್ತೀರಿ?" ಎಂದು ಬಂದವರಿಗೆ, "ಕಾಣಲ್ವಾ? ಕೈ ಖಾಲಿ ಇಲ್ಲ" ಎಂದು ಗದರುತ್ತಿದ್ದರು. ಮಗಳು ಬುತ್ತಿಯನ್ನು ಹಗ್ಗಕ್ಕೆ ಕಟ್ಟಿ ಮೇಲಕ್ಕೆ ಕಳಿಸುತ್ತಿದ್ದಳು.

ಅಂತೂ ಇಂತೂ ಕಾಂಡದಲ್ಲೊಂದು ಕಾಯಿ ಬಿಟ್ಟು ಹಳದಿಗೆ ತಿರುಗಿತು. ಅಧಿಕಾರಿ ಹಿಗ್ಗಿ ಹೀರೇಕಾಯಾದ. "ಅವಕಾಶ ಇದೆ ಅಂತ ಹೇಳಿರಲಿಲ್ವಾ? ಇಂಥ ಅಳಿಯಂದಿರು ಇನ್ನೊಂದು ಸಾವಿರ ಬೇಕು ಅಂತ ಬರೆದು ಹಾಕ್ತೀನಿ" ಎಂದು ಹೊರಟುಹೋದ.

ಮಾವ ಕಾಯಿ ಒಡೆದು ಬೀಜವೊಂದನ್ನು ಕಚ್ಚಿದರು. ಕಹಿಯೆಂದರೆ ಕಹಿ. "ಥೂ! ಈ ಚೆಂದಕ್ಕೆ ಇಷ್ಟೆಲ್ಲಾನಾ?" ಎಂದು ಉಗಿದು ತಲೆಯೆತ್ತಿದರು. ಅಳಿಯನ ಕತ್ತು ಸುಟ್ಟು ಕಪ್ಪಾಗಿತ್ತು, ತುಟಿ ಒಡೆದಿತ್ತು. ಏಣಿ ಹಿಡಿದ ಮಾವ ಇಷ್ಟು ದಿನ ಅವನ ಕಾಲನ್ನಷ್ಟೇ ನೋಡಿದ್ದರು.

"ಇಳಿದು ಬಾರೋ ಮಗನೇ. ಒಳಗೆ ಕೂತು ಊಟ ಮಾಡು."

"ಗಿಡ ಒಣಗುತ್ತೆ ಮಾವ."

"ಒಣಗ್ಲಿ, ಹಾಳಾಗಿ ಹೋಗ್ಲಿ. ನೀನು ಬಾ."

ಈ ಒಂದು ಮಾತಿಗಾಗಿ ಅಳಿಯ ಇಷ್ಟು ವರ್ಷ ಕಾದಿದ್ದ. ಕಣ್ಣು ತುಂಬಿ ಬಂತು. ಆದರೂ ಕಾಲು ಕೀಳಲಿಲ್ಲ.

"ಸಂಜೆ ಬರ್ತೀನಿ ಮಾವ. ಈಗ ಕೆಲಸದಲ್ಲಿದ್ದೀನಿ."

ಮಾವ ಬಾಯಿ ಒರೆಸಿಕೊಂಡು ಮತ್ತೆ ಏಣಿ ಹಿಡಿದರು.